ಫಕೀರವ್ವ ಬಿಟ್ಟ ಹಾಡು

ಗಂಡ ಸತ್ತ ಮೇಲೆ ಅಮ್ಮಿನಬಾವಿಯ ಫಕೀರವ್ವ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹುಬ್ಬಳ್ಳಿಯ ಮಿಶನ್ ಕಂಪೌಂಡಿಗೆ ಬಂದದ್ದು 1921ರಲ್ಲಿ. ದೀಕ್ಷಾಸ್ನಾನವಾಯಿತು. ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಜೋಳ ಬೀಸುವ ಕೆಲಸ ಸಿಕ್ಕಿತು. ಊರು ಬಿಟ್ಟಳು, ಬಳಗ ಬಿಟ್ಟಳು, ದೇವರನ್ನೂ ಬಿಟ್ಟಳು. ಬಿಡದೆ ಉಳಿದದ್ದು ಬೀಸುವಾಗ ಹಾಡುವುದೊಂದೇ. ಅವಳು ದನಿ ಎತ್ತಿದರೆ ಅಡುಗೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಮೊದಲು ತಾಯಿ ಕಲಿಸಿದ ಹಾಡುಗಳನ್ನು ಹಾಡಿದಳು. ಕ್ರಿಸ್ಮಸ್ಸಿನ ಕತೆ ಕೇಳಿದ ಮೇಲೆ ಅದೇ ಧಾಟಿಗೆ ತಾನೇ ಕಟ್ಟಿದಳು:

ಊರಾಗ ಜಾಗಿಲ್ಲ, ಕೊಟ್ಟಿಗ್ಯಾಗ ಹಡೆದಾಳ
ಕಂದನ ಮೈಗೆ ಕೌದಿಲ್ಲ, ಮರಿಯವ್ವ
ನನ ಸೆರಗ ಹರದು ಹೊದಿಸೇನ

ಅಕ್ಷರ ಬಾರದ ಹೆಂಗಸಿನ ಪ್ರಾರ್ಥನೆ ಅದು. ಅದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ಆ ಕಂಪೌಂಡಿನಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಆದರೆ ಮೂರು ವರ್ಷದ ಮೇಲೆ ಒಂದು ದಿನ ಹಿರಿಯ ಪಾದ್ರಿ ಸಾಹೇಬರ ಕಿವಿಗೆ ಬಿದ್ದದ್ದು ಬರೀ ಧಾಟಿ. “ಇದು ಎಲ್ಲವ್ವ ದೇವಿಯ ಹಾಡಿನ ರಾಗ. ಚೆಲುವಾಗಿದೆ ಎಂದು ಸುಳ್ಳನ್ನು ಸತ್ಯದೇವರ ಮುಂದೆ ತರಬಾರದು,” ಎಂದರು. ಭಾನುವಾರ ಸಭೆಯ ಮುಂದೆ ನಿಲ್ಲಿಸಿ ತಪ್ಪಾಯಿತು ಅನ್ನಿಸಿದರು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮೂರು ತಿಂಗಳು ಸೇರಿಸಲಿಲ್ಲ.

ಇನ್ನೊಬ್ಬಳಾಗಿದ್ದರೆ ಮುಂದೆ ಹೂಂ ಎಂದು ಹಿಂದೆ ಹಾಡಿಕೊಳ್ಳುತ್ತಿದ್ದಳು. ಫಕೀರವ್ವ ನಂಬಿದಳು. ಅಂದಿನಿಂದ ಬಾಯಿ ಬಿಗಿದುಕೊಂಡೇ ಬೀಸಿದಳು. ತಾಯಿಯ ದನಿಯೇ ಬಂದಿದ್ದ ಮಗಳು ಸುಗುಣಾ ಮರೆತು ಗುನುಗಿದರೆ ಕಪಾಳಕ್ಕೆ ಬಿಗಿಯುತ್ತಿದ್ದಳು.

ಹದಿನಾರನೆಯ ವರ್ಷದಲ್ಲಿ ಸುಗುಣಾಗೆ ವಿಷಮಜ್ವರ ಬಂತು. ಡಾಕ್ಟರು ಕೈಚೆಲ್ಲಿದ ದಿನ ಮಧ್ಯಾಹ್ನ ಹುಡುಗಿ ಕಣ್ಣು ತೆರೆದಳು.

“ಯವ್ವಾ, ಆ ಕೊಟ್ಟಿಗಿ ಹಾಡು ಒಂದ ಸಲ ಹಾಡ ಬೇ. ನಾ ಸಣ್ಣಾಕಿದ್ದಾಗ ನೀ ಹಾಡ್ತಿದ್ದೆಲ್ಲಾ.”

ಫಕೀರವ್ವ ಬಾಯಿ ತೆರೆದಳು. ಹಾಡು ನಾಲಿಗೆಯ ಮೇಲೇ ಇತ್ತು. ಆದರೆ ಇನ್ನೊಂದು ಗಳಿಗೆಗೆ ದೇವರ ಮುಂದೆ ನಿಲ್ಲುವ ಮಗಳ ಕಿವಿಗೆ ಪಾಪ ಹಾಕುವುದು ಹೇಗೆ?

“ಅದು ಬ್ಯಾಡ ನನ್ನವ್ವಾ. ಪುಸ್ತಕದಾಗಿನ ಸ್ತೋತ್ರ ಹಾಡ್ತೇನಿ, ಕೇಳ.”

ಹಾಡಿದಳು. ಸುಗುಣಾ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಹೊತ್ತು ಮುಳುಗುವ ಮೊದಲೇ ಹೋಗಿಬಿಟ್ಟಳು.

ಐದು ವರ್ಷ ಕಳೆಯಿತು. ಹಿರಿಯ ಸಾಹೇಬರು ತಮ್ಮ ದೇಶಕ್ಕೆ ಹೋದರು; ಎಳೆ ಪ್ರಾಯದ ಹೊಸ ಪಾದ್ರಿ ಬಂದರು. ಸತ್ಯ, ಒಳ್ಳೆಯತನ, ಚೆಲುವು ಮೂರೂ ಒಬ್ಬನೇ ದೇವರ ಮುಖ, ಈ ನಾಡಿನ ಹಾಡೂ ಅವನದೇ ಎಂದು ಉಪದೇಶ ಮಾಡಿದರು. ಚರ್ಚಿನೊಳಗೆ ಜಮಖಾನೆ ಬಂತು, ತಬಲಾ ಬಂತು. ಯಾರೋ ಹಳೇ ಸುದ್ದಿ ಹೇಳಿದ್ದರಿಂದ ಅವರು ಫಕೀರವ್ವನ ಮನೆಗೂ ಬಂದರು.

“ಅವ್ವಾ, ಆ ಹಾಡು ಪಾಪವಲ್ಲ. ಹಿಂದಿನವರು ತಪ್ಪು ತಿಳಿದಿದ್ದರು. ಈ ಕ್ರಿಸ್ಮಸ್ಸಿಗೆ ನೀವೇ ಹಾಡಬೇಕು.”

ಎಷ್ಟು ಸಲೀಸು ನೋಡಿ! ತಪ್ಪು ತಿಳಿದಿದ್ದರಂತೆ.

“ಪಾಪ ಅಲ್ಲೇನ್ರಿ?” ಎಂದಳು ಫಕೀರವ್ವ.

“ಅಲ್ಲವೇ ಅಲ್ಲ. ತುಂಬ ಚೆಂದದ ಹಾಡಂತೆ.”

“ಹಂಗನಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲ್ ಬೀಳ್ತೇನಿ. ಅದು ಪಾಪನ ಆಗಿರಬೇಕ್ರಿ. ಅಲ್ಲಂದ್ರ, ಸಾಯೋ ಮಗಳು ಕೇಳಿದಾಗ ನಾ ಯಾಕ ಹಾಡಲಿಲ್ಲ, ನೀವ ಹೇಳ್ರಿ.”

ಪಾದ್ರಿ ಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ದೇವರು ಕ್ಷಮಿಸುತ್ತಾನೆ,” ಎಂದರು. ಯಾರನ್ನು ಎಂದು ಅವಳು ಕೇಳಲಿಲ್ಲ.

ಆ ಕ್ರಿಸ್ಮಸ್ಸಿಗೂ, ಆಮೇಲೆ ಬದುಕಿದಷ್ಟು ವರ್ಷವೂ, ತಬಲಾ ಶುರುವಾದ ಕೂಡಲೇ ಫಕೀರವ್ವ ಚರ್ಚಿನಿಂದ ಎದ್ದು ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದಳು. ಹಾಡಿದ ಹುಡುಗಿಯರನ್ನು ಹಿಡಿದು ನಿಲ್ಲಿಸಿ ಬೈಯುತ್ತಿದ್ದಳು. ಮುದುಕಿಗೆ ಚೆಂದದ್ದು ಯಾವುದೂ ಕಣ್ಣಿಗಾಗುವುದಿಲ್ಲ ಎಂದು ಕಂಪೌಂಡಿನ ಜನ ಆಡಿಕೊಂಡರು.