ಕಂಪ್ಯೂಟರಿಗೆ ಬಂದ ಅಮ್ಮ

ಚೈತ್ರಾ, ಮನು, ಇದು 2004ರಲ್ಲಿ ತಿ. ನರಸೀಪುರದ ನಮ್ಮ ಮನೆಯಲ್ಲಿ ನಡೆದದ್ದು. ಚೈತ್ರಾ, ನೀನಾಗ ತೊದಲು ಮಾತಾಡುತ್ತಿದ್ದೆ. ಮನು, ನೀನಿನ್ನೂ ಹುಟ್ಟಿರಲಿಲ್ಲ. ನಿಮ್ಮ ತಾತ ಹೋಗಿ ಕೆಲವೇ ತಿಂಗಳಾಗಿತ್ತು.

ತಾತ ಇದ್ದಾಗ ನಿಮ್ಮಮ್ಮ ಸುಧಾ ತಮಾಷೆಗೆಂದು ಅವರ ಕೈಗೆ ಮೈಕು ಕೊಟ್ಟು, ನಾಲ್ಕು ಮಾತನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟಿದ್ದಳು. ಅವರ ದನಿ ಉಳಿದಿದ್ದು ಅದರಲ್ಲಿ ಮಾತ್ರ. ಬೇಸರವಾದಾಗ ನಾನು ಹಾಕಿಸಿಕೊಂಡು ಕೇಳುತ್ತಿದ್ದೆ.

ಒಂದು ಬೆಳಿಗ್ಗೆ ಕಂಪ್ಯೂಟರು ತಾನಾಗಿಯೇ ಆರಿ ಮತ್ತೆ ಹತ್ತಿಕೊಳ್ಳತೊಡಗಿತು. ಯಾರೋ ಗುರುತಿಲ್ಲದವರು ಕಳಿಸಿದ್ದ ಇ-ಮೇಲನ್ನು ಸುಧಾ ಹಿಂದಿನ ದಿನ ತೆರೆದಿದ್ದಳಂತೆ. ನಂಜನಗೂಡಿನ ರಿಪೇರಿಯವರಿಗೆ ಫೋನ್ ಮಾಡಿ, ಮುಖ ಸಣ್ಣಗೆ ಮಾಡಿಕೊಂಡಳು.

"ವೈರಸ್ ಅಂತೆ ಕಣವ್ವ. ಫೋನ್ ವೈರಲ್ಲಿ ಬಂದು ಅಂಟ್ಕೊಂಡಿರೋ ರೋಗ. ಒಳಗಿರೋದೆಲ್ಲ ಅಳಿಸ್ಬೇಕಾಗ್ಬೋದು ಅಂದ್ರು."

"ನಿಮ್ಮಪ್ಪನ ದನೀನೂ?"

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ಸಂಜೆ ಆಫೀಸಿಂದ ಬರೋವಾಗ ಅವರನ್ನ ಕರ್ಕೊಂಡೇ ಬತ್ತೀನಿ" ಎಂದು ನಂಜನಗೂಡಿನ ಬಸ್ಸು ಹತ್ತಿದಳು.

ಅಂಟುರೋಗ ಎಂದರೆ ನನಗೆ ತಿಳಿದಿದ್ದು ಒಂದೇ. ನನ್ನ ತವರು ಮೂಗೂರಿನಲ್ಲಿ ಯಾರ ಮನೆಗಾದರೂ ಅಮ್ಮ ಬಂದರೆ, ಮೈಮೇಲೆ ಗುಳ್ಳೆ ಎದ್ದರೆ, ಆ ಮನೆಯಿಂದ ಒಂದು ಲೋಟವೂ ಆಚೆಗೆ ಹೋಗುತ್ತಿರಲಿಲ್ಲ, ಹೊರಗಿನವರು ಒಳಗೆ ಬರುತ್ತಿರಲಿಲ್ಲ. ನಾನೂ ಹಾಗೇ ಮಾಡಿದೆ. ಸ್ವಿಚ್ ಆರಿಸಿ, ಫೋನಿನ ವೈರು ಕಿತ್ತಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ರಾಜಮ್ಮ ಮಗಳಿಗೆಂದು ಕಂಪ್ಯೂಟರಿಗೆ ಹಾಕುವ ಫ್ಲಾಪಿ ಕೇಳಿಕೊಂಡು ಬಂದಳು. ಇವತ್ತು ಆಗದು ಎಂದೆ.

"ಏನಕ್ಕ, ಒಂದ್ ಫ್ಲಾಪಿ ಕೇಳುದ್ರೆ ಕತ್ತಿನ ಸರ ಕೇಳ್ದಂಗೆ ಆಡ್ತೀರಲ್ಲ."

ವೈರಸ್ ಎನ್ನುವ ಪದ ನನ್ನ ಬಾಯಿಗೆ ಬರಲಿಲ್ಲ. "ಮನೆಗೆ ಅಮ್ಮ ಬಂದೈತೆ ಕಣವ್ವ" ಎಂದುಬಿಟ್ಟೆ.

ಅವಳು ಬಾಗಿಲಿಂದ ಹಿಂದೆ ಸರಿದಳು. "ಅಯ್ಯೋ, ಮಗೀಗಾ? ಒಗ್ಗರಣೆ ಆಕ್ಬ್ಯಾಡಿ ಕಣಕ್ಕ, ಆ ಘಾಟು ಅಮ್ಮಂಗೆ ಆಗಲ್ಲ" ಎಂದವಳೇ ಹೋಗಿ ಬೇವಿನ ಸೊಪ್ಪು ತಂದು ನಮ್ಮ ಬಾಗಿಲಿಗೆ ಸಿಕ್ಕಿಸಿದಳು. ಅಲ್ಲ ಎಂದು ಹೇಳಲು ನನಗೆ ಸಂಕೋಚ. ಆಮೇಲೆ ಬೀದಿಯವರು ಯಾರೂ ನಮ್ಮ ಮನೆ ಕಡೆ ಸುಳಿಯಲಿಲ್ಲ.

ಸಂಜೆ ರಿಪೇರಿಯ ಮಹೇಶರ ಜೊತೆ ಬಂದ ಸುಧಾ, ಬೇವು ನೋಡಿ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿಬಂದಳು.

"ಮಗೀಗೆ ಏನಾಯ್ತವ್ವ?"

"ಮಗ ಚೆನ್ನಾಗದೆ. ಅದು ಕಂಪ್ಯೂಟರ್‌ಗೆ."

ಸುಧಾ ಆಗ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದಳು. ಮಹೇಶ ನಗು ತಡೆದುಕೊಂಡು ಎಲ್ಲ ಕೇಳಿದರು. "ವೈರ್ ಕಿತ್ತಿದ್ದು ಒಳ್ಳೇದಾಯ್ತು ಕಣಮ್ಮ. ಫ್ಲಾಪಿ ಕೊಟ್ಟಿದ್ರೆ ಅವರ ಮನೆಗೂ ಅಂಟೋದು" ಎಂದರು. ಮೊದಲು ದನಿಯನ್ನು ಹುಡುಕಿ ಒಂದು ಸಿ.ಡಿ.ಗೆ ಇಳಿಸಿದರು. ಆಮೇಲೆ ತಾವು ತಂದಿದ್ದ ಸಿ.ಡಿ. ಹಾಕಿ ರೋಗ ತೆಗೆದರು. ಏನನ್ನೂ ಅಳಿಸುವ ಪ್ರಮೇಯ ಬರಲಿಲ್ಲ.

ಕೊನೆಗೆ ಸ್ಪೀಕರಿನಿಂದ ತಾತನ ಮಾತು ಬಂತು: "ಚೈತ್ರವ್ವ, ಊಟ ಆಯ್ತಾ ಮಗ? ಸುಧಾ, ಇದು ಕೇಳ್ತಾ ಅದೋ ಇಲ್ವೋ?"

"ಕೇಳ್ತಾ ಅದೆ" ಎಂದು ನಾನೇ ಹೇಳಿಬಿಟ್ಟೆ.

ಗುರುತಿಲ್ಲದವರು ಕಳಿಸಿದ್ದನ್ನು ತೆರೆಯಬೇಡಿ, ಬೇಕಾದದ್ದನ್ನು ಎರಡು ಕಡೆ ಇಡಿ ಎಂದು ಮಹೇಶ ಹೇಳಿ ಹೋದರು. ಬೇವನ್ನು ಮಾತ್ರ ಅದು ಒಣಗುವವರೆಗೂ ನಾನು ತೆಗೆಯಲಿಲ್ಲ.

ಆ ಸಿ.ಡಿ.ಯನ್ನು ಈ ಹಾಳೆಗಳಲ್ಲೇ ಸುತ್ತಿಟ್ಟಿದ್ದೇನೆ. ಮನು, ನೀನು ತಾತನನ್ನು ನೋಡಲಿಲ್ಲ, ದನಿಯನ್ನಾದರೂ ಕೇಳು. ಹಾಳೆಗಳನ್ನು ಎಸೆಯಬೇಡಿ ಮಕ್ಕಳೇ, ಎರಡನ್ನೂ ಒಟ್ಟಿಗೆ ಜೋಪಾನವಾಗಿ ಇಟ್ಟುಕೊಳ್ಳಿ.