ಅರ್ಧಕ್ಕೆ ತೆಗೆದ ಕ್ಯಾಸೆಟ್

“...ಹಳೇದನ್ನ ಲಗೂ ವಾಪಸ್ ಕಳಿಸಿದವರಿಗೆ ಹೊಸಾದು ಮೊದಲ,” ಅಂತಲೋ ಏನೋ ಅಪ್ಪನ ಅಕ್ಕ, ನಮ್ಮ ಅತ್ತೆ, ಹೇಳುತ್ತಿದ್ದಳು. ಇವತ್ತು ಕೊರಿಯರ್ ಡಬ್ಬಿ ಬಿಚ್ಚುವಾಗ ಕಂದು ಟೇಪಿನ ಅಂಟಿನ ವಾಸನೆಗೆ ಆ ಮಾತು ನೆನಪಾಯಿತು.

ನಾವಾಗ ದೇಶಪಾಂಡೆ ನಗರದಲ್ಲಿದ್ದೆವು. ಪುಣೆಯ ಅಂಗಡಿಯೊಂದು ಸಿನಿಮಾ ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುತ್ತಿತ್ತು. ಮೊದಲಿನದು ಮರಳಿದ ಮೇಲೆಯೇ ಮುಂದಿನದು. ಹೊಸ ಸಿನಿಮಾಗಳು ಅಲ್ಲಿಗೆ ಶುಕ್ರವಾರ ಬರುತ್ತಿದ್ದವು. ಕಾಲಿನ ತೊಂದರೆಯಿಂದ ಅತ್ತೆ ಟಾಕೀಸಿಗೆ ಹೋಗುತ್ತಿರಲಿಲ್ಲ. ಎದುರುಮನೆಯ ಸರೋಜಕ್ಕ ಸಿನಿಮಾ ನೋಡಿ ಬಂದವಳೇ ನಮ್ಮ ಕಟ್ಟೆಯ ಮೇಲೆ ಕೂತು ಕೊನೆಯವರೆಗೂ ಕಥೆ ಹೇಳಿಬಿಡುತ್ತಿದ್ದಳು. ಒಂದನ್ನಾದರೂ ಅವಳಿಗಿಂತ ಮೊದಲು ನೋಡಬೇಕೆಂಬುದು ಅತ್ತೆಯ ಹಟ.

ಒಂದು ಮಂಗಳವಾರ ಬೆಳಿಗ್ಗೆ, ಕೊಲೆಯ ಸಿನಿಮಾವೊಂದು ಅರ್ಧಕ್ಕೆ ಬಂದಾಗ ಅತ್ತೆ ಕ್ಯಾಸೆಟ್ ಹೊರತೆಗೆದು, ಡಬ್ಬಿಗೆ ಹಾಕಿ ಕಂದು ಟೇಪು ಸುತ್ತತೊಡಗಿದಳು. ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟಿದ್ದ ಅಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

“ಅಕ್ಕಾ, ಕೊಲಿ ಮಾಡಿದವ ಯಾರಂತರ ಗೊತ್ತಾಗಲಿ, ತಡಿ.”

“ಯಾವನರ ಇರಲಿ. ಇವತ್ತ ಪೋಸ್ಟಿಗೆ ಹಾಕಿದ್ರ ಶುಕ್ರವಾರದೊಳಗ ಮುಟ್ಟತೈತಿ. ನಡಿ ನೀ.”

ಮುಂದಿನ ವಾರ ಬಂದ ಸಿನಿಮಾ ಊರಿನ ಟಾಕೀಸಿಗೆ ಇನ್ನೂ ಬಂದಿರಲಿಲ್ಲ. ಅತ್ತೆ ಮಧ್ಯಾಹ್ನವೇ ನೋಡಿ ಮುಗಿಸಿ, ಸಂಜೆ ಸರೋಜಕ್ಕನನ್ನು ಕರೆಸಿದಳು. ಸರೋಜಕ್ಕ ಚಾಪೆಯ ಮೇಲೆ ಕೂತು, “ಮುಂದ ಏನಾಗ್ತೈತ್ರಿ?” ಎಂದು ಮತ್ತೆ ಮತ್ತೆ ಕೇಳಿದಳು.

“ಸುಮ್ನ ನೋಡ್ರಿ,” ಎಂದಳು ಅತ್ತೆ. “ನಾ ಹೇಳೂದಿಲ್ಲ.”

ಈಗ ಹೊಸ ಸಿನಿಮಾ ಎಲ್ಲರ ಮನೆಗೂ ಒಂದೇ ಗಳಿಗೆಗೆ ಬರುತ್ತದೆ. ಆ ಅರ್ಧ ಸಿನಿಮಾದ ಹೆಸರು ಮರೆತಿದ್ದೇನೆ, ಹುಡುಕುವಂತೆಯೂ ಇಲ್ಲ. ಅತ್ತೀ, ಕೊಲಿ ಮಾಡಿದವ ಯಾರಂತ ನಿನಗರ ಗೊತ್ತಾತೇನು?