ಗೇಟಿನ ಟೀವಿಯಲ್ಲಿ ಕಬ್ಬಿನ ಸರದಿ

ಮದ್ದೂರಿನ ಜಬೀನ್ ಏನು ಕೆಲಸ ಮಾಡುತ್ತಾಳೆಂದು ಅವಳ ಅಪ್ಪನಿಗೂ ಸರಿಯಾಗಿ ತಿಳಿಯದು. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುತ್ತಿದ್ದ ಫಕ್ರುದ್ದೀನ್, ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಮನೆಯಲ್ಲಿ ಕೂತು ಎರಡು ವರ್ಷ. "ಮಗ್ಳು ಸಕ್ಕರೆ ಕಾರ್ಖಾನೇಲಿ ಕಂಪ್ಯೂಟರು" ಎನ್ನುತ್ತಾನೆ, ಅಷ್ಟೆ. ಮನೆಗೆ ಬರುವುದು ಅವಳ ಸಂಬಳ ಒಂದೇ. ಅದೂ ಗುತ್ತಿಗೆಯದು, ಸೋಮವಾರಕ್ಕೆ ಮುಗಿಯುತ್ತದೆ.

ಮಂಡ್ಯದ ಆಚೆಗಿನ ಆ ಕಾರ್ಖಾನೆಯಲ್ಲಿ, ಮೊದಲು ನೆಟ್ಟವರ ಕಬ್ಬಿಗೆ ಮೊದಲು ಕಟಾವು. ಆ ಸರದಿಯನ್ನು ಗೇಟಿನ ಟೀವಿಯಲ್ಲೂ ರೈತರ ಫೋನಿನಲ್ಲೂ ಬಣ್ಣದ ಪಟ್ಟಿಯಾಗಿ ಕಾಣುವಂತೆ ಮಾಡಿದವಳು ಜಬೀನ್. ಕ್ಲಸ್ಟರ್ ಅಂತಾರಲ್ಲ, ನಾಲ್ಕು ಕಂಪ್ಯೂಟರನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ, ಅದರ ಮೇಲೆ ಈ ಪಟ್ಟಿ ಕೂರಿಸಿ, ಕಾವಲಿಗೆ ಆಪರೇಟರ್ ಎಂಬ ಪ್ರೋಗ್ರಾಂ ಹಾಕಿದ್ದಳು. ಪಟ್ಟಿಯನ್ನು ಯಾರೇ ಅಳಿಸಲಿ, ನಿಮಿಷದೊಳಗೆ ಅದು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿತ್ತು. ಎಷ್ಟು ಬೀಗಿದ್ದಳು ಅವತ್ತು! ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ ಎಂದು ಆಗ ಯಾರಿಗೆ ಗೊತ್ತು?

ಇವತ್ತು ದೊಡ್ಡ ಕುಳವೊಬ್ಬರ ಕಬ್ಬಿನ ಗಾಡಿಗಳು ಸರದಿ ಮುರಿದು ಒಳಗೆ ಹೋದವು. ಕೆರಗೋಡಿನ ಹೊನ್ನಯ್ಯ ಟೀವಿಗೆ ಬೆರಳು ನೆಟ್ಟು ರಂಪ ಎಬ್ಬಿಸಿದ. "ಮೂರನೇದು ನಂದು ಕಣ್ರಲಾ! ಕಬ್ಬು ಊವ ಬುಟ್ಟು ಒಣಗ್ತಾ ಅದೆ. ಈಗ ಒಳಗೋದ್ನಲ್ಲ, ಅವನ್ದು ತೊಂಬತ್ತನೇದು!"

ಮ್ಯಾನೇಜರ್ ಚಲುವರಾಜು ಜಬೀನಳನ್ನು ಕರೆದರು. "ಆ ಪಟ್ಟಿ ತೆಗೆದಾಕಮ್ಮ. ಫೋನ್ನಲ್ಲೂ ಕಾಣಬಾರದು."

ಅಳಿಸಿದಳು. ನಿಮಿಷದಲ್ಲಿ ಪಟ್ಟಿ ಎದ್ದು ಬಂತು. ಬರುತ್ತದೆಂದು ಗೊತ್ತಿದ್ದೇ ಅಳಿಸಿದ್ದಳು, ಕಳ್ಳಿ. ಆಪರೇಟರನ್ನು ಮುಟ್ಟಿರಲಿಲ್ಲ. "ನಾನು ಅಳಿಸ್ದೆ ಸಾರ್, ಅದೇ ಬತ್ತದೆ" ಎಂದಳು. ಇನ್ನೊಮ್ಮೆ ಅಳಿಸಿದಳು. ಇನ್ನೊಮ್ಮೆ ಬಂತು.

ಚಲುವರಾಜು ಅವಳ ಹೊಸ ಗುತ್ತಿಗೆ ಕಾಗದ ತಂದು ಮೇಜಿನ ಮೇಲಿಟ್ಟರು. ಸಹಿ ಇರಲಿಲ್ಲ. "ಸಬೂಬು ಸಾಕು. ಅದು ಓಗ್ಬೇಕು, ಇಲ್ಲಾ ನೀನು."

ಮನೆಯಲ್ಲಿರುವ ಅಬ್ಬಾನ ಮಾತ್ರೆ ಡಬ್ಬಿ ಕಣ್ಣ ಮುಂದೆ ಬಂತು. ಜಬೀನ್ ಮೊದಲು ಆಪರೇಟರನ್ನು ಕಿತ್ತಳು, ಆಮೇಲೆ ಪಟ್ಟಿಯನ್ನು. ಒಂದು ನಿಮಿಷವಾಯಿತು, ಐದಾಯಿತು. ಎದ್ದು ಬಾ, ಎದ್ದು ಬಾ ಎಂದು ಒಳಗೊಳಗೇ ಬೇಡಿಕೊಂಡಳು. ಬರಲಿಲ್ಲ. ಚಲುವರಾಜು ಸಹಿ ಹಾಕಿದರು. ಅವಳಿಗೆ ತನ್ನ ಕೈಗಳ ಮೇಲೇ ಹೇಸಿಗೆಯಾಯಿತು.

ಸಂಜೆ ಕಾಗದ ಚೀಲಕ್ಕೆ ಹಾಕಿಕೊಂಡು ಹೊರಟರೆ, ಕಪ್ಪಾದ ಟೀವಿಯ ಕೆಳಗೆ ಹೊನ್ನಯ್ಯ ಕೂತಿದ್ದ.

"ಫಕ್ರುದ್ದೀನ್ ಮಗ್ಳಲ್ವಾ ನೀನು, ಕಂಪ್ಯೂಟರ್ ಕೆಲ್ಸದೋಳು? ಟೀವಿ ಕೆಟ್ಟೋಗ್ಯದೆ ಕಣವ್ವ, ಫೋನ್ನಲ್ಲೂ ಬತ್ತಿಲ್ಲ. ಆ ಮ್ಯಾನೇಜರ್‌ನ ನಂಬಕಾಯ್ತದಾ? ನಿಮ್ಮಪ್ಪ ನನ್ನ ಟ್ರ್ಯಾಕ್ಟರ್ ಒಂದಿನಾನೂ ಅರ್ಧಂಬರ್ಧ ಬುಟ್ಟೋನಲ್ಲ. ನೀ ಓಗಿ ಸರಿ ಮಾಡು, ನಾ ಇಲ್ಲೇ ಕೂತಿರ್ತೀನಿ."

ಟವೆಲ್ಲು ಹಾಸಿ ಸರಿಯಾಗಿ ಕೂತ.

"ಆಯ್ತು ತಾತ" ಎಂದು ಜಬೀನ್ ಮತ್ತೆ ಒಳಕ್ಕೆ ತಿರುಗಿದಳು. ಮದ್ದೂರಿನ ಬಸ್ಸು ಗೇಟಿನ ಆಚೆ ನಿಂತಿತ್ತು. ಕಾರ್ಖಾನೆಗೆ ಇರುವುದು ಹೊನ್ನಯ್ಯ ಕೂತಿರುವ ಅದೊಂದೇ ಗೇಟು.